ಪ್ರತಿ ವಾಕ್ಯಕ್ಕೂ ‘ಸಡನ್ಲಿ’ ಬೇಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮಂಡ್ಯದವಳು. ಮೈಸೂರಿನ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿ ನೋಡಿಕೊಳ್ಳುತ್ತೇನೆ. ಕರೆಂಟು ಹೋದದ್ದು, ಲಿಫ್ಟ್ ನಿಂತದ್ದು, ಬುಕಿಂಗ್ ಇಲ್ಲದೆ ಮದುವೆ ಮನೆಯವರು ಬಂದಿಳಿದದ್ದು, ಎಲ್ಲವನ್ನೂ ಬೆಳಿಗ್ಗೆ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಡಬೇಕು. ನನಗೆ ಹೊಳೆಯುವುದು ‘ಸಡನ್ಲಿ’ ಒಂದೇ. ಬೇರೆ ಪದಗಳನ್ನು ತಿಳಿಸಿಕೊಡುತ್ತೀರಾ?

ಉತ್ತರ: ಪದಗಳನ್ನು ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಕ್ರಿಯಾಪದವನ್ನು ನೋಡಿ. ಇಂಗ್ಲಿಷಿನಲ್ಲಿ ಹಠಾತ್ತನೆ ಎಂಬ ಭಾವವನ್ನು ಹೆಚ್ಚಾಗಿ ಹೊರುವುದು ಅದೇ. ಟಯರ್ ‘ಬರ್ಸ್ಟ್’ ಆಗುತ್ತದೆ, ಹಗ್ಗ ‘ಸ್ನ್ಯಾಪ್’ ಆಗುತ್ತದೆ, ಗೋಡೆ ‘ಕೊಲ್ಯಾಪ್ಸ್’ ಆಗುತ್ತದೆ. ಇವುಗಳಲ್ಲಿ ಯಾವುದೂ ನಿಧಾನವಾಗಿ ನಡೆಯುವ ಕೆಲಸವಲ್ಲ. ಬೆಂಕಿಗೆ ‘ಬ್ರೇಕ್ ಔಟ್’ ಎನ್ನುತ್ತಾರೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಈಗ ನಾವು ನೋಡುವ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಆ ಅನಾಹುತವನ್ನು ‘ಎ ಫೈರ್ ಬ್ರೋಕ್ ಔಟ್ ಇನ್ ದ ಓಲ್ಡ್ ಪ್ಯಾಲೆಸ್’ ಎಂದು ಬರೆದರೆ ಸಾಕು. ಯುದ್ಧಕ್ಕೂ ಸಾಂಕ್ರಾಮಿಕ ರೋಗಕ್ಕೂ ಇದೇ ಕ್ರಿಯಾಪದ ಸಲ್ಲುತ್ತದೆ. 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ‘ಬ್ರೋಕ್ ಔಟ್’.

ಎರಡನೆಯದು ವಾಕ್ಯದ ಕಟ್ಟು. ‘ಬೀಗದ ಕೈಗಳನ್ನು ಎಣಿಸುತ್ತಿದ್ದೆ, ಅಷ್ಟರಲ್ಲಿ ಅಲಾರಂ ಹೊಡೆದುಕೊಂಡಿತು’ ಎಂದು ಕನ್ನಡದಲ್ಲಿ ಹೇಳುತ್ತೇವಲ್ಲ, ಆ ‘ಅಷ್ಟರಲ್ಲಿ’ಯ ಕೆಲಸವನ್ನು ಇಂಗ್ಲಿಷಿನಲ್ಲಿ ‘ವೆನ್’ ಮಾಡುತ್ತದೆ: ‘ಐ ವಾಸ್ ಕೌಂಟಿಂಗ್ ದ ಕೀಸ್ ವೆನ್ ದ ಅಲಾರ್ಮ್ ವೆಂಟ್ ಆಫ್.’ ನಡೆಯುತ್ತಿದ್ದ ಕೆಲಸ ಮೊದಲು, ಅದನ್ನು ತಡೆದದ್ದು ಆಮೇಲೆ. ಇಲ್ಲಿ ‘ವೆಂಟ್ ಆಫ್’ ಬಗ್ಗೆ ಎಚ್ಚರವಿರಲಿ. ಅಲಾರಂ ‘ವೆಂಟ್ ಆಫ್’ ಎಂದರೆ ಹೊಡೆದುಕೊಂಡಿತು. ದೀಪಗಳು ‘ವೆಂಟ್ ಆಫ್’ ಎಂದರೆ ಆರಿದವು.

ಇನ್ನು ಪದಗಳು. ‘ಸಡನ್’ ಎಂಬುದು ವೇಗದ ಮಾತು, ‘ಅನ್‌ಎಕ್ಸ್‌ಪೆಕ್ಟೆಡ್’ ಎಂಬುದು ನಿರೀಕ್ಷೆಯ ಮಾತು. ಎರಡೂ ಒಂದೇ ಎಂದು ತಿಳಿಯುವವರು ಬಹಳ. ಕನ್ನಂಬಾಡಿ ಕಟ್ಟೆಯ ನೀರು ಗರಿಷ್ಠ ಮಟ್ಟವಾದ 124.80 ಅಡಿಯ ಹತ್ತಿರ ಬಂದಾಗ ಗೇಟುಗಳನ್ನು ತೆರೆಯುತ್ತಾರೆ. ನದಿಪಾತ್ರದ ಜನರಿಗೆ ಮುಂಚಿತವಾಗಿಯೇ ಎಚ್ಚರಿಕೆ ಕೊಡುತ್ತಾರೆ. ಹೊರಹರಿವು ಹೆಚ್ಚಾದರೆ ರಂಗನತಿಟ್ಟಿನಲ್ಲಿ ದೋಣಿವಿಹಾರವನ್ನು ನಿಲ್ಲಿಸುತ್ತಾರೆ. ಆಗ ಕೆಳಗಡೆ ಕಾವೇರಿ ಏರುವುದು ‘ಸಡನ್’ ಹೌದು, ‘ಅನ್‌ಎಕ್ಸ್‌ಪೆಕ್ಟೆಡ್’ ಅಲ್ಲ. ನಿಮ್ಮ ಮದುವೆ ಮನೆಯವರು ಬಸ್ಸಿನಿಂದ ಸಾವಕಾಶವಾಗಿ ಇಳಿದು ಒಬ್ಬೊಬ್ಬರಾಗಿ ಒಳಗೆ ಬಂದಿರಬಹುದು. ಅದು ‘ಅನ್‌ಎಕ್ಸ್‌ಪೆಕ್ಟೆಡ್’, ಆದರೆ ‘ಸಡನ್’ ಅಲ್ಲ. ರಿಜಿಸ್ಟರಿಗೆ ‘ಅರೈವ್ಡ್ ವಿದೌಟ್ ಎ ಬುಕಿಂಗ್’ ಎಂದು ಬರೆದರೆ ಇನ್ನೂ ಸ್ಪಷ್ಟ. ‘ಟರ್ನ್ಡ್ ಅಪ್’ ಎಂಬುದು ಮಾತಿನಲ್ಲಿ ಚೆನ್ನ, ಕಚೇರಿಯ ದಾಖಲೆಯಲ್ಲಿ ತುಸು ಸಡಿಲ.

‘ವಿದೌಟ್ ವಾರ್ನಿಂಗ್’ ಎಂಬುದನ್ನು ಯೋಚಿಸಿ ಬಳಸಿ. ಅದರಲ್ಲಿ ಆಪಾದನೆಯ ಛಾಯೆ ಬರಬಹುದು: ಹೇಳಬೇಕಾದವರು ಹೇಳಲಿಲ್ಲ ಎಂದು. ಲಿಫ್ಟ್ ಹಿಂದಿನ ದಿನಗಳಲ್ಲೇ ಕಿರುಗುಟ್ಟುತ್ತಿದ್ದರೆ ಅದು ‘ವಿದೌಟ್ ವಾರ್ನಿಂಗ್’ ನಿಂತಿತು ಎಂದು ಬರೆಯಬಾರದು. ಆ ಸದ್ದೇ ಎಚ್ಚರಿಕೆಯಾಗಿತ್ತು. ನಾಳೆ ಯಾರಿಗಾದರೂ ಪೆಟ್ಟಾಗಿ ವಿಚಾರಣೆ ನಡೆದರೆ ಆ ಎರಡು ಪದಗಳ ಮೇಲೆಯೇ ಪ್ರಶ್ನೆ ಬರುತ್ತದೆ. ‘ಅಬ್ರಪ್ಟ್ಲಿ’ ಎಂಬುದು ನಡೆಯುತ್ತಿದ್ದದ್ದು ಅರ್ಧಕ್ಕೇ ಕಡಿದುಹೋದಾಗ: ಭಾಷಣ, ಸಂಗೀತ, ಫೋನ್ ಕರೆ. ಮನುಷ್ಯರ ವರ್ತನೆಗೆ ಹಚ್ಚಿದರೆ ಒರಟುತನದ ಅರ್ಥ ಬರುತ್ತದೆ, ಅತಿಥಿಗಳ ಬಗ್ಗೆ ಬರೆಯುವಾಗ ಬೇಡ. ‘ಔಟ್ ಆಫ್ ದ ಬ್ಲೂ’ ಹುಟ್ಟಿದ್ದು ಮೋಡವಿಲ್ಲದ ನೀಲಿ ಆಕಾಶದಿಂದ ಸಿಡಿಲು ಬಿದ್ದಂತೆ ಎಂಬ ಕಲ್ಪನೆಯಿಂದ. ಬಹಳ ಕಾಲದಿಂದ ಸುದ್ದಿಯಿಲ್ಲದ ಗೆಳತಿಯ ಫೋನಿಗೆ ಅದು ಒಪ್ಪುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಒಪ್ಪುವುದಿಲ್ಲ.

ಕೊನೆಯದಾಗಿ, ನಮ್ಮವರಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ‘ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ’ ಎನ್ನಲು ‘ಐ ಸಡನ್ಲಿ ಕಾಲ್ಡ್ ದ ಡಾಕ್ಟರ್’ ಎಂದು ಬರೆಯುತ್ತಾರೆ. ಓದಿದವರಿಗೆ, ಏನೋ ತಲೆಗೆ ಹೊಕ್ಕು ಕಾರಣವಿಲ್ಲದೆ ಫೋನ್ ಮಾಡಿದಿರಿ ಎನಿಸುತ್ತದೆ. ನೀವು ತಿಳಿದೂ ತಿಳಿದೂ ಬೇಗ ಮಾಡಿದ ಕೆಲಸಕ್ಕೆ ‘ಇಮ್ಮೀಡಿಯೆಟ್ಲಿ’ ಅಥವಾ ‘ಅಟ್ ಒನ್ಸ್’ ಬೇಕು. ರಾತ್ರಿಯಿಡೀ ಎಚ್ಚರವಿದ್ದು ಹೊಣೆ ಹೊತ್ತವರು ನೀವು. ಅದು ದಾಖಲೆಯಲ್ಲಿ ಕಾಣಲೇಬೇಕು. ಹಾಗೆಯೇ ಗಂಟೆ ನಿಮಿಷಗಳನ್ನು ತಪ್ಪದೆ ನಮೂದಿಸಿ.

ಪ್ರಶ್ನೆ: ‘ನೋ ಸೂನರ್’ ಬಂದಾಗ ಮುಂದೆ ‘ವೆನ್’ ಬರಬೇಕೋ ‘ದ್ಯಾನ್’ ಬರಬೇಕೋ? (ಪಿಯುಸಿ ವಿದ್ಯಾರ್ಥಿ, ಮೈಸೂರು)

ಉತ್ತರ: ‘ನೋ ಸೂನರ್’ಗೆ ‘ದ್ಯಾನ್’, ‘ಹಾರ್ಡ್ಲಿ’ಗೆ ‘ವೆನ್’. ವಾಕ್ಯದ ಮೊದಲಿಗೆ ಬಂದರೆ ‘ಹ್ಯಾಡ್’ ಕರ್ತೃವಿಗಿಂತ ಮುಂದೆ ಹೋಗುತ್ತದೆ: ‘ನೋ ಸೂನರ್ ಹ್ಯಾಡ್ ವಿ ರೀಚ್ಡ್ ದ ಹಿಲ್ ದ್ಯಾನ್ ಇಟ್ ಬಿಗ್ಯಾನ್ ಟು ರೇನ್.’

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡಿದ ಗೆಳೆಯರು ಹಠಾತ್ತನೆ ತೀರಿಕೊಂಡರು. ಅವರ ಮಗ ಹೊರದೇಶದಲ್ಲಿ ಬೆಳೆದವನು, ಕನ್ನಡ ಓದಲು ಬಾರದು. ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ‘ಸಡನ್ ಡಿಮೈಸ್’ ಎಂದರೆ ಸರಿಯೇ? (ನಿವೃತ್ತ ಗುಮಾಸ್ತರು, ಶ್ರೀರಂಗಪಟ್ಟಣ)

ಉತ್ತರ: ತಪ್ಪಲ್ಲ ಸರ್, ಆದರೆ ಅದು ಕಚೇರಿಯ ಸುತ್ತೋಲೆಯ ಭಾಷೆ. ತಂದೆಯನ್ನು ಕಳೆದುಕೊಂಡ ಮಗನಿಗೆ ‘ಯುವರ್ ಫಾದರ್ಸ್ ಡೆತ್’ ಎಂಬ ನೇರ ಮಾತೇ ಹೆಚ್ಚು ಆತ್ಮೀಯ. ತೀರ ಬಿರುಸೆನಿಸಿದರೆ ‘ಪಾಸಿಂಗ್’ ಎನ್ನಿ. ‘ಎಕ್ಸ್‌ಪೈರ್ಡ್’ ನಮ್ಮಲ್ಲಿ ಬಳಕೆಯಲ್ಲಿದೆ, ಆದರೆ ಹೊರಗೆ ಬೆಳೆದವರ ಕಿವಿಗೆ ಅದು ಪಾಸ್‌ಪೋರ್ಟಿನ ಅಥವಾ ಔಷಧಿಯ ಅವಧಿ ಮುಗಿದಂತೆ ಕೇಳಿಸುತ್ತದೆ, ಖಂಡಿತ ಬೇಡ. ‘ಅನ್‌ಟೈಮ್ಲಿ’ ಎಂದರೆ ಅಕಾಲಿಕ, ಚಿಕ್ಕ ವಯಸ್ಸಿನಲ್ಲಿ ಹೋದವರಿಗೆ ಸಲ್ಲುತ್ತದೆ. ‘ಟೇಕನ್ ಅಬ್ಯಾಕ್’ ಕೂಡ ಇಲ್ಲಿ ಹಗುರವಾಯಿತು. ಅದು ಹಾಯಿಹಡಗಿನವರ ಮಾತು, ಎದುರುಗಾಳಿ ಬಡಿದು ಹಾಯಿ ಕಂಬಕ್ಕೆ ಒತ್ತಿಕೊಂಡಾಗ ಹೇಳುತ್ತಿದ್ದದ್ದು. ಈಗ ಯಾರದೋ ಒರಟು ಉತ್ತರ ಕೇಳಿ ಕಕ್ಕಾಬಿಕ್ಕಿಯಾದಾಗ ಬಳಸುತ್ತಾರೆ.

ಸಾವು ಹಠಾತ್ತನೆ ಬಂತು ಎಂಬುದು ಮಗನಿಗೆ ಗೊತ್ತು, ಅದನ್ನೇ ಪತ್ರದಲ್ಲಿ ಬೆಳೆಸಬೇಡಿ. ‘ಐ ಆ್ಯಮ್ ಡೀಪ್ಲಿ ಸಾರಿ ಅಬೌಟ್ ಯುವರ್ ಫಾದರ್’ ಎಂದು ಆರಂಭಿಸಿ. ನಂತರ ನಿಮ್ಮ ಗೆಳೆಯರು ಕಚೇರಿಯಲ್ಲಿ ಹೇಗಿದ್ದರು, ಯಾರಿಗೆ ನೆರವಾದರು ಎಂಬುದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಅವನಿಗೆ ತಿಳಿದಿರದ ಸಂಗತಿಗಳು ಅವೇ, ಅವನ್ನು ಹೇಳಬಲ್ಲವರು ನೀವು. ವ್ಯಾಕರಣ ಎಲ್ಲೋ ಒಂದು ಕಡೆ ತಪ್ಪಿದರೂ ಚಿಂತೆಯಿಲ್ಲ, ಪತ್ರವನ್ನು ತಡಮಾಡದೆ ಕಳುಹಿಸಿ.