ಬಣ್ಣದ ಸಂದೇಹ: ರೆಂಬ್ರಾಂಟ್ ಮುಖದಿಂದ ತೈಲವರ್ಣದ ಪಾಠ

ಪ್ರಶ್ನೆ: ಪೆನ್ಸಿಲ್, ಜಲವರ್ಣ ರೂಢಿಯಿದೆ. ತೈಲವರ್ಣ ಕಲಿಯಲು 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಸ್ವಂತ ಭಾವಚಿತ್ರವೊಂದನ್ನು ನಕಲು ಮಾಡಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ, ಹೇಗೆ ಶುರು ಮಾಡಲಿ?
– ಓದುಗರು, ಗದಗ-ಬೆಟಗೇರಿ

ಉತ್ತರ: ಮುಪ್ಪಿನಲ್ಲಿ ಬರೆದುಕೊಂಡ ದೊಡ್ಡ ಚಿತ್ರಗಳನ್ನು ಸದ್ಯ ಬಿಡಿ. ಆ ದಪ್ಪ ಪದರಗಳು ಹೊಸಬರ ಕೈಗೆ ದಕ್ಕುವಂಥವಲ್ಲ. 1628ರ ಸುಮಾರಿಗೆ, ಇಪ್ಪತ್ತೆರಡರ ಹರೆಯದಲ್ಲಿ ಬರೆದುಕೊಂಡ ಪುಟ್ಟ ಚಿತ್ರವೊಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಅಳತೆ 22.6 × 18.7 ಸೆಂ.ಮೀ. ಅಂದರೆ ಎ4 ಹಾಳೆಯಲ್ಲಿ ಮೂಲದಷ್ಟೇ ದೊಡ್ಡ ಪ್ರತಿ ತೆಗೆಸಬಹುದು. ಮ್ಯೂಸಿಯಂ ಜಾಲತಾಣದಲ್ಲಿ ಅದರ ಸ್ಪಷ್ಟ ಚಿತ್ರ ಪುಕ್ಕಟೆ ಸಿಗುತ್ತದೆ. ಕಣ್ಣುಗಳೆರಡೂ ನೆರಳಿನಲ್ಲಿರುವುದರಿಂದ ರೆಪ್ಪೆ ತಿದ್ದುತ್ತಾ ಕೂರುವ ಚಟಕ್ಕೆ ಅಲ್ಲಿ ಜಾಗವಿಲ್ಲ. ಮುದ್ರಿತ ಪ್ರತಿಯಲ್ಲಿ ನೆರಳು ಕಪ್ಪಿಟ್ಟು ಮುಚ್ಚಿಹೋಗುವುದುಂಟು. ರೇಖೆಗೆ ಅದು ಸಾಕು, ಬಣ್ಣಕ್ಕೆ ಪರದೆ ನೋಡಿ.

6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡಿಗೆ ಮೂರು ಕೋಟು ಜೆಸ್ಸೊ (ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ತಳಲೇಪ) ಬಳಿದು, ಪ್ರತಿ ಕೋಟು ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ. ಹಿಂಬದಿಗೂ ಒಂದು ಕೋಟು ಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಬರ್ನ್ಟ್ ಅಂಬರ್ ಎಂಬ ಕಡುಗಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಬಳಿದು, ಬಟ್ಟೆಯಿಂದ ಒರೆಸಿ ತಿಳಿಗಂದು ನೆಲ ಮಾಡಿಕೊಳ್ಳಿ. ಒಣಗಿದ ಮೇಲೆ ಪ್ರತಿಗೂ ಹಲಗೆಗೂ 2 ಸೆಂ.ಮೀ. ಚೌಕ ಹಾಕಿ ಮುಖ ಇಳಿಸಿ.

ಮೊದಲ ಪದರಕ್ಕೆ ಅಂಬರ್, ಬಿಳಿ ಎರಡೇ ಸಾಕು. ನೆರಳು ತೆಳುವಾಗಿರಲಿ, ನೆಲದ ಬಣ್ಣ ಕಾಣಬೇಕು. ಬಿಳಿ ಬೀಳುವುದು ಕೆನ್ನೆ, ಕತ್ತು, ಹಿಂದಿನ ಗೋಡೆಗೆ ಮಾತ್ರ. ಇಲ್ಲಿ ಕಪ್ಪು ಬೇಡ: ಅಂಬರಿನಲ್ಲಿರುವ ಮ್ಯಾಂಗನೀಸ್ ಬಣ್ಣವನ್ನು ಬೇಗ ಒಣಗಿಸುತ್ತದೆ, ಐವರಿ ಬ್ಲ್ಯಾಕ್ ನಿಧಾನ. ಕೆಳಪದರ ಹಸಿಯಿದ್ದು ಮೇಲಿನದು ಮೊದಲು ಒಣಗಿದರೆ ಬಿರುಕು ಖಾತ್ರಿ. ಅದಕ್ಕೇ ಕೆಳಗೆ ಬರೀ ಟರ್ಪೆಂಟೈನ್, ಮೇಲಿನ ಪದರಕ್ಕೆ ಒಂದು ಪಾಲು ಅಗಸೆ ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್.

ಎರಡನೇ ಪದರಕ್ಕೆ ಬಿಳಿ, ಯೆಲ್ಲೊ ಓಕರ್ (ಮಣ್ಣುಹಳದಿ), ಚೂರು ವರ್ಮಿಲಿಯನ್ (ಕುಂಕುಮಗೆಂಪು), ಕಪ್ಪು. ನೀಲಿ ಬೇಕಿಲ್ಲ. ಕಪ್ಪು-ಬಿಳಿ ಬೆರೆಸಿದ ಬೂದಿಯೇ ಕೆಂಪು-ಹಳದಿಯ ಪಕ್ಕದಲ್ಲಿ ನೀಲಿಯಾಗಿ ಕಾಣುತ್ತದೆ. ಒಂದು ಕಡೆ ಮೂರು ಸಲಕ್ಕಿಂತ ಹೆಚ್ಚು ಕುಂಚ ಆಡಿಸಿದರೆ ಮೈಬಣ್ಣ ಕೆಸರಾಗುತ್ತದೆ. ಗುಂಗುರು ಕೂದಲಿನದೇ ಈ ಚಿತ್ರದ ಸೊಗಸು: ಹಸಿ ಬಣ್ಣವನ್ನು ಕುಂಚದ ಹಿಡಿಯ ತುದಿಯಿಂದ ಗೀರಿ ಎಳೆ ಎಬ್ಬಿಸಿದ್ದಾನೆ. ಕೂದಲಿನ ಗಾಢ ಬಣ್ಣ ಬಳಿದ ದಿನವೇ ಗೀರಬೇಕು, ಅದರ ಕೆಳಗಿನ ಪದರ ಮಾತ್ರ ಪೂರ್ತಿ ಒಣಗಿರಬೇಕು. ಇಲ್ಲದಿದ್ದರೆ ಗೀರು ಜೆಸ್ಸೊವರೆಗೆ ಇಳಿದು ಬೆಳ್ಳಗೆ ಹಲ್ಲು ಕಿರಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಗಾಣದ ಅಗಸೆ ಎಣ್ಣೆ, ಕುಸುಬೆ ಎಣ್ಣೆ ಸಿಗುತ್ತದೆ. ಅದನ್ನೇ ಬಳಸಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಎರಡೂ ಗಾಳಿಗೆ ಪೊರೆಗಟ್ಟುವ ಎಣ್ಣೆಗಳೇ. ಕುಸುಬೆಯದು ಕಡಿಮೆ ಹಳದಿಯಾಗುತ್ತದೆಂದು ಬಿಳಿ ಬಣ್ಣಕ್ಕೆ ಅದನ್ನೇ ಹಾಕುವ ತಯಾರಕರೂ ಇದ್ದಾರೆ. ಆದರೆ ಗಾಣದ ಎಣ್ಣೆಯಲ್ಲಿ ಬೀಜದ ಲೋಳೆ ಉಳಿದಿರುತ್ತದೆ, ಬಣ್ಣ ಬೇಗ ಮಬ್ಬಾಗುತ್ತದೆ. ಅಂಗಡಿಯ ಅಡುಗೆ ಎಣ್ಣೆಗೆ ಕೆಡದಂತೆ ಏನಾದರೂ ಬೆರೆಸಿದ್ದರೆ ಒಣಗುವುದೇ ಇಲ್ಲ. ಗಾಜಿನ ಮೇಲೆ ಒಂದು ಹನಿ ತೆಳುವಾಗಿ ಸವರಿಡಿ. ಎರಡು ವಾರದ ಮೇಲೂ ಅಂಟುತ್ತಿದ್ದರೆ ಒಗ್ಗರಣೆಗೇ ಇರಲಿ. ಶೇಂಗಾ ಎಣ್ಣೆಯಂತೂ ಎಂದಿಗೂ ಒಣಗದು. ಹಾರ್ಡ್‌ವೇರ್ ಅಂಗಡಿಯ ಡಬಲ್ ಬಾಯ್ಲ್ಡ್ ಎಣ್ಣೆ ಬಾಗಿಲಿಗೆ ಸರಿ, ಚಿತ್ರಕ್ಕೆ ಕಪ್ಪಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ತಾನಾಗಿಯೇ ಕಾವು ಏರಿ ಬೆಂಕಿ ಹತ್ತಬಲ್ಲದು. ಬಿಡಿಸಿ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಪ್ರಶ್ನೆ: ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪದರ ಒಣಗುತ್ತಲೇ ಇಲ್ಲ. ಒಣಗಿದ ಕಡೆ ಕಪ್ಪು ಭಾಗ ಮಂಕಾಗಿದೆ.
– ಓದುಗರು, ಧಾರವಾಡ

ಉತ್ತರ: ಬೇಸಿಗೆಯಲ್ಲಿ ವಾರಕ್ಕೆ ಒಣಗುವ ಪದರಕ್ಕೆ ಆಷಾಢದಲ್ಲಿ ಎರಡು-ಮೂರು ವಾರ ಕೊಡಿ. ಕಪಾಟಿನಲ್ಲಿಟ್ಟರೆ ಬೂಸು ಹಿಡಿಯುತ್ತದೆ. ಬೆಳಕು, ಗಾಳಿ ಎರಡೂ ಬೇಕು. ಮಂಕಿಗೆ ಕಾರಣ, ಕೆಳಪದರ ಎಣ್ಣೆ ಹೀರಿಕೊಂಡದ್ದು. ಮೇಲೆ ಇನ್ನಷ್ಟು ಕಪ್ಪು ಬಳಿಯಬೇಡಿ. ಪೂರ್ತಿ ಒಣಗಿದ ಮೇಲೆ ಆ ಜಾಗಕ್ಕಷ್ಟೇ ಒಂದೆರಡು ಹನಿ ಅಗಸೆ ಎಣ್ಣೆ ಉಜ್ಜಿ, ನೂಲು ಬಿಡದ ಬಟ್ಟೆಯಿಂದ ಒರೆಸಿ ತೆಗೆಯಿರಿ. ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ.