ಓದುಗರ ಪ್ರಶ್ನೆ: ವೆನಿಸ್‌ನ ಹಳೇ ಪಲಾಝೋದಲ್ಲಿ ಉಳ್ಕೋಬೇಕಾ?

ಪ್ರಶ್ನೆ: ಮೇಡಂ, ನಾನು ಮ್ಯೂನಿಕ್‌ನಲ್ಲಿ ಕೆಲ್ಸದಲ್ಲಿದೀನಿ. ಮೇ ತಿಂಗಳಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರ್ತಿದಾರೆ, ಅವರ ಮದುವೆಯಾಗಿ 40 ವರ್ಷ ಆಗತ್ತೆ ಅಂತ ವೆನಿಸ್‌ನಲ್ಲಿ ಎರಡು ರಾತ್ರಿ ಉಳಿಸೋ ಆಸೆ. ಹಳೇ ಪಲಾಝೋನ, ಅಂದ್ರೆ ಹಿಂದಿನ ಶ್ರೀಮಂತರ ದೊಡ್ಡ ಮನೇನ, ಹೋಟೆಲ್ ಮಾಡಿರೋದು ಒಂದು ನೋಡಿದೀನಿ, ಬರೀ ಹದಿನಾಲ್ಕು ರೂಮು. ಆದ್ರೆ ವೆನಿಸ್ ದ್ವೀಪದ ಆಚೆ ದಡದಲ್ಲಿರೋ ಮೆಸ್ತ್ರೆ ಹೋಟೆಲ್‌ಗಳಿಗಿಂತ ಮೂರು ಪಟ್ಟು ರೇಟು. ಅಪ್ಪ "ಮಲಗೋಕೆ ಅಷ್ಟು ದುಡ್ಡು ಯಾಕಪ್ಪ" ಅಂತಿದಾರೆ, ಅಮ್ಮನಿಗೆ ಬೇರೆ ಮಂಡಿನೋವು. ಏನ್ ಮಾಡ್ಲಿ?

ಉತ್ತರ: ಕರ್ಕೊಂಡು ಹೋಗಿ. ಬರೀ ಮಲಗೋಕಾದ್ರೆ ಅಪ್ಪ ಹೇಳಿದ್ದು ಸರಿ, ಮೆಸ್ತ್ರೆ ಸಾಕು. ಪಲಾಝೋಗೆ ಹೋಗೋದು ಆ ಮನೇನೇ ನೋಡೋಕೆ. ಆದ್ರೆ ಬುಕ್ ಮಾಡೋ ಮೊದ್ಲು ಆ ಮನೆ ಹೇಗಿರತ್ತೆ ಅಂತ ತಿಳ್ಕೊಳ್ಳಿ, ಯಾಕಂದ್ರೆ ಒಂದೇ ಹೋಟೆಲ್‌ನಲ್ಲಿ ಒಂದು ರೂಮಿಗೂ ಇನ್ನೊಂದಕ್ಕೂ ಅಜಗಜಾಂತರ.

ಇವೆಲ್ಲ ಹೆಚ್ಚಾಗಿ ವ್ಯಾಪಾರಿಗಳ ಮನೆಗಳು. ಸರಕು ದೋಣೀಲಿ ಬಂದು ಕಾಲುವೆ ಕಡೆ ಬಾಗಿಲಿಂದ ಸೀದಾ ಕೆಳಗಿನ ಗೋಡೌನ್‌ಗೆ ಇಳೀತಿತ್ತು, ಅದರ ಮೇಲೆ ತಗ್ಗು ಚಾವಣಿಯ ನಡುಮಹಡಿ (ಮೆಜ್ಜನೈನ್), ಅದರ ಮೇಲೆ ಯಜಮಾನರು ಇರ್ತಿದ್ದ ಮುಖ್ಯ ಮಹಡಿ, ಅದಕ್ಕೆ ಪಿಯಾನೋ ನೋಬಿಲೆ ಅಂತಾರೆ, ಚಾವಣಿ ಎತ್ತರ, ಕಿಟಕಿ ದೊಡ್ಡದು, ಕಾಲುವೆ ಕಡೆಯಿಂದ ಹಿಂದಿನ ಅಂಗಳದವರೆಗೆ ಪೋರ್ತೆಗೋ ಅನ್ನೋ ಉದ್ದ ಹಜಾರ, ಅದರ ಎರಡೂ ಪಕ್ಕ ಕೋಣೆಗಳು. ಎಲ್ಲಕ್ಕಿಂತ ಮೇಲೆ ಅಟ್ಟ. ಅಗ್ಗದ ರೂಮು ಅಂದ್ರೆ ಎಷ್ಟೋ ಸಲ ಆ ಅಟ್ಟಾನೇ ಸಿಗೋದು. ನಾವು ಮೊದಲ ಸಲ ಹೋದಾಗ ಫೋಟೋದಲ್ಲಿ ಚಿತ್ತಾರದ ಚಾವಣಿ ನೋಡಿ ದುಡ್ಡು ಕಟ್ಟಿದ್ವಿ, ಸಿಕ್ಕಿದ್ದು ತಲೆಗೆ ತೊಲೆ ತಗಲೋ ಕೋಣೆ, ಕಿಟಕಿ ತೆಗೆದ್ರೆ ಎದುರುಮನೆ ಗೋಡೆ. ನನ್ನ ಗಂಡನಿಗೆ ಆ ಬೇಜಾರು ಇವತ್ತಿಗೂ ಹೋಗಿಲ್ಲ. ಹಾಗಾಗಿ ಹೋಟೆಲ್‌ಗೆ ಮೇಲ್ ಹಾಕಿ, ಯಾವ ಮಹಡಿ, ಕಿಟಕಿ ಯಾವ ಕಡೆಗೆ ತೆರ್ಕೊಳತ್ತೆ, ಆ ರೂಮಿನದೇ ಫೋಟೋ ಕಳಿಸ್ತೀರಾ ಅಂತ ಕೇಳಿ. ಚಿಕ್ಕ ಹೋಟೆಲ್ ಆದ್ರೆ ಸಾಮಾನ್ಯವಾಗಿ ಉತ್ತರ ಬರತ್ತೆ.

ದುಡ್ಡು ಬಿಗಿ ಇದ್ರೆ ಅಟ್ಟದಲ್ಲಿ ಎರಡು ರಾತ್ರಿ ಬೇಡ, ಪಿಯಾನೋ ನೋಬಿಲೆಯಲ್ಲಿ ಒಂದೇ ರಾತ್ರಿ ಸಾಕು, ಇನ್ನೊಂದು ರಾತ್ರಿ ಪಡೋವಾದಲ್ಲಿ ಉಳ್ಕೊಳ್ಳಿ, ರೈಲಲ್ಲಿ ಅರ್ಧ ಗಂಟೆ ಅಷ್ಟೇ, ಅಲ್ಲಿ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ ಹಳೇ ಕಾಲದ ಚಿತ್ರಕಾರ ಜೊತ್ತೋ ಬರೆದಿರೋ ಭಿತ್ತಿಚಿತ್ರಗಳೂ ನೋಡಬಹುದು.

ಇನ್ನು ಅಮ್ಮನ ಮಂಡಿ. ಇದನ್ನ ಮಾತ್ರ ಹಗುರವಾಗಿ ತಗೋಬೇಡಿ. ಸಂರಕ್ಷಿತ ಕಟ್ಟಡಗಳಲ್ಲಿ ಪರಂಪರೆ ಇಲಾಖೆ ಅನುಮತಿ ಇಲ್ದೆ ಗೋಡೆ ಒಡೆಯೋ ಹಾಗಿಲ್ಲ, ಅದಕ್ಕೇ ಕೆಲವು ಕಡೆ ಲಿಫ್ಟೇ ಇಲ್ಲ, ಕೆಲವು ಕಡೆ ಲಿಫ್ಟ್ ಇದ್ರೂ ಅದಕ್ಕೆ ಮೊದ್ಲು ನಾಲ್ಕು ಮೆಟ್ಲು ಇರತ್ತೆ. ಹೊರಗೆ ಕಾರಿಲ್ಲ ಆಟೋ ಇಲ್ಲ, ಸೇತುವೆ ಅಂದ್ರೆ ಹತ್ತಿ ಇಳಿಯೋ ಮೆಟ್ಟಿಲು. ಮ್ಯಾಪಲ್ಲಿ ಐದು ನಿಮಿಷ ಅಂತ ತೋರ್ಸತ್ತೆ, ಆ ಐದು ನಿಮಿಷದಲ್ಲಿ ಮೂರು ಸೇತುವೆ ಇರಬಹುದು, ಸೂಟ್‌ಕೇಸ್ ಬೇರೆ. ಅಲ್ಲಿ ಬಸ್ಸಿನ ಥರ ಓಡಾಡೋ ದೋಣಿಗೆ ವಾಪೊರೆತ್ತೋ ಅಂತಾರೆ. "ವಾಪೊರೆತ್ತೋ ಸ್ಟಾಪಿಂದ ನಿಮ್ಮ ಬಾಗಿಲಿಗೆ ಎಷ್ಟು ಸೇತುವೆ" ಅಂತಾನೇ ಕೇಳಿ, ಸೊನ್ನೆ ಅಂತ ಹೇಳೋ ಹೋಟೆಲ್ಲೇ ನಿಮ್ಮದು. ಸ್ಟೇಷನ್ ಎದುರೇ 1ನೇ ನಂಬರ್ ದೋಣಿ ಸಿಗತ್ತೆ, ಗ್ರಾಂಡ್ ಕೆನಾಲ್ ಉದ್ದಕ್ಕೂ ನಿಲ್ಲಿಸ್ತಾ ಹೋಗತ್ತೆ, ಅಮ್ಮನಿಗೆ ಕೂತ್ಕೊಂಡೇ ಅರ್ಧ ಊರು ನೋಡಿದ ಹಾಗಾಗತ್ತೆ.

ಒಳಗೆ ಹೋದ್ಮೇಲೆ ಅಪ್ಪನಿಗೆ ನೆಲ ತೋರ್ಸಿ. ಸುಣ್ಣದ ಗಾರೆಯಲ್ಲಿ ಕಲ್ಲಿನ ಚೂರು ಕೂರಿಸಿ ಉಜ್ಜಿ ಎಣ್ಣೆ ಹಚ್ಚಿ ಹೊಳಪು ಕೊಟ್ಟಿರೋ ತೆರಾಜ್ಜೋ, ನಮ್ಮ ಹಳೇ ಮನೆಗಳ ಮೊಸಾಯಿಕ್ ನೆಲದ ದೊಡ್ಡಪ್ಪ. ಅಲ್ಲಲ್ಲಿ ಅಲೆ ಥರ ಏರಿಳಿತ ಇರತ್ತೆ. ಕೆಸರಲ್ಲಿ ನೆಟ್ಟ ಮರದ ಕಂಬಗಳ ಮೇಲೆ ನಿಂತಿರೋ ಮನೆ, ಸ್ವಲ್ಪ ಸ್ವಲ್ಪ ಕೂರ್ತಾ ಇರತ್ತೆ, ಅದರ ಜೊತೆ ನೆಲಾನೂ ಬಾಗತ್ತೆ. ಕೆಸರೊಳಗೆ ಗಾಳಿ ಆಡಲ್ಲ, ಅದಕ್ಕೇ ಶತಮಾನಗಳಾದ್ರೂ ಆ ಮರ ಲಡ್ಡಾಗಿ ಪುಡಿಯಾಗಿಲ್ಲ.

ಸಂಜೆ ಡೇ ಟ್ರಿಪ್‌ನವರು ವಾಪಸ್ ಹೋದ್ಮೇಲೆ ಊರು ತಣ್ಣಗಾಗತ್ತೆ, ಬೆಳಿಗ್ಗೆ ಆರಕ್ಕೆ ಸಾನ್ ಮಾರ್ಕೋ ಚೌಕದಲ್ಲಿ ಪಾರಿವಾಳ ಬಿಟ್ರೆ ಹೆಚ್ಚು ಜನ ಇರಲ್ಲ. ಮೆಸ್ತ್ರೆಯಲ್ಲಿ ಉಳಿದ್ರೆ ಈ ಎರಡು ಹೊತ್ತೂ ತಪ್ಪೋಗತ್ತೆ, ನನ್ನ ಪ್ರಕಾರ ಆ ಮೂರು ಪಟ್ಟು ದುಡ್ಡಲ್ಲಿ ಹೆಚ್ಚಿನ ಪಾಲು ಇದಕ್ಕೇ.

ರೂಮ್ ರೇಟ್ ಬಿಟ್ಟು ತಲೆಗೆ, ರಾತ್ರಿಗೆ ಇಷ್ಟು ಅಂತ ಸಿಟಿ ಟ್ಯಾಕ್ಸ್ ಬೇರೆ ಕಟ್ಟಬೇಕು. 2024ರಿಂದ ಕೆಲವು ದಿನ ಊರೊಳಗೆ ಬರೋಕೂ ಶುಲ್ಕ ಇದೆ, ರಾತ್ರಿ ಉಳಿಯೋರಿಗೆ ವಿನಾಯ್ತಿ, ಆದ್ರೆ ಆನ್‌ಲೈನ್‌ನಲ್ಲಿ ಮೊದ್ಲೇ ನೋಂದಾಯಿಸ್ಕೋಬೇಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಇಟಲಿಯ ಇಂಥ ಹೋಟೆಲ್‌ಗಳಲ್ಲಿ ತಿಂಡಿ ಹೇಗೆ?

ಉತ್ತರ: ಅಲ್ಲಿ ಬೆಳಗಿನ ತಿಂಡಿ ಸಿಹಿ, ಕಾಫಿ, ಕೊರ್ನೆತ್ತೋ (ಕ್ರೊಸಾಂಟ್ ಥರದ ಬೇಕರಿ ತಿನಿಸು), ಬ್ರೆಡ್ಡು, ಜ್ಯಾಮು, ಹಣ್ಣು ಇರತ್ತೆ. ಮೊಟ್ಟೆ ತಿನ್ನಲ್ಲ ಅಂದ್ರೆ ಬೇಕರಿ ತಿನಿಸು ಕೇಳಿ ತಗೊಳ್ಳಿ. ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಪಾಸ್ತಾ ಹೇಳುವಾಗಲೇ "ಸೆನ್ಸಾ ಪಾರ್ಮಿಜಾನೋ" (ಪಾರ್ಮೆಸಾನ್ ಇಲ್ದೆ) ಅನ್ನಿ. ರೂಮಲ್ಲಿ ಕೆಟಲ್ ಇರತ್ತೆ ಅಂತ ನಂಬ್ಕೋಬೇಡಿ, ರಿಸೆಪ್ಶನ್‌ನಲ್ಲಿ ಬಿಸಿನೀರು ಕೇಳಿ. ಬ್ಯಾಗಲ್ಲಿ ಒಗ್ಗರಣೆ ಹಾಕಿದ ಅವಲಕ್ಕಿ ಒಂದು ಡಬ್ಬ ಇಟ್ಕೊಳ್ಳಿ.