ಹಿಮಕರಡಿಗೆ ಕೋಟು ತೊಡಿಸಿದ ಮೇಡಂಗೆ

ಪ್ರಿಯ ಮೇಡಂ,

ನಿಮ್ಮ ‘ಹಿಮದ ನಾಡಿನ ಗೆಳೆಯರು’ ಲೇಖನ ಕೈಸೇರಿ ಮೂರು ವಾರವಾಯಿತು. ಅಕ್ಷರ ದುಂಡಗಿದೆ, ಕಾಗುಣಿತ ಸರಿಯಾಗಿದೆ. ಉತ್ತರದ ಕರಡಿಯನ್ನೂ ದಕ್ಷಿಣದ ಪೆಂಗ್ವಿನ್ನನ್ನೂ ಒಂದೇ ಹಿಮಗಡ್ಡೆಯ ಮೇಲೆ ಕೂರಿಸಿಲ್ಲ. ನಮ್ಮ ಮಕ್ಕಳ ಪುಟಕ್ಕೆ ಬರುವ ಬರಹಗಳಲ್ಲಿ ಅಷ್ಟು ಎಚ್ಚರವೂ ಅಪರೂಪ. ಹೊಗಳುವುದು ಇಲ್ಲಿಗೆ ಮುಗಿಯಿತು.

‘ವಿಷಾದದಿಂದ ಮರಳಿಸುತ್ತಿದ್ದೇವೆ’ ಎಂದು ಒಂದು ಕಾರ್ಡು ಹಾಕಿ ಸುಮ್ಮನಾಗಬಹುದಿತ್ತು. ಬಿಡಲಿಲ್ಲ ನಿಮ್ಮ ಪತ್ರ. ಲೇಖನಕ್ಕೆ ಪಿನ್ನು ಹಾಕಿದ ಆ ಅರ್ಧ ಹಾಳೆಯಲ್ಲಿ ಬರೆದಿದ್ದೀರಿ: ನಲಿಕಲಿ ತರಗತಿಯಲ್ಲಿ ಈ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, “ಮಿಸ್, ಪೆಂಗ್ವಿನ್ನು ಚಪ್ಪಲಿ ಇಲ್ದೆ ಐಸ್ ಮೇಲೆ ನಿಂತ್ರೆ ಕಾಲು ಮರಗಟ್ಟಲ್ವಾ?” ಅಂತ ಕೇಳಿ ಎಲ್ಲರನ್ನೂ ನಗಿಸಿದ ಎಂದು. ನಗಿಸಿದನೇ? ಆರು ಹಾಳೆಯ ನಿಮ್ಮ ಲೇಖನದಲ್ಲಿ ಆ ಒಂದು ಪ್ರಶ್ನೆಯಷ್ಟು ಬೆಲೆಯ ಸಾಲು ನನಗೆ ಸಿಗಲಿಲ್ಲ. ಅದನ್ನು ಪತ್ರದಲ್ಲಿ ಬಿಸಾಕಿ ಲೇಖನದಲ್ಲಿ ಏನು ಬರೆದಿರಿ ನೋಡಿ:

“ಪ್ರಕೃತಿಮಾತೆಯು ಹಿಮಕರಡಿಗೆ ಬಿಸಿ ನೀಡುವ ದಪ್ಪನೆಯ ಉಣ್ಣೆಯ ಕೋಟನ್ನು ತೊಡಿಸಿದ್ದಾಳೆ.”

ಒಂದೊಂದೇ ಪದ ಹಿಡಿಯೋಣ. ‘ಬಿಸಿ ನೀಡುವ’. ಶಿರಾ ಕಡೆಯವರು ನೀವು, ಕಂಬಳಿ ನೇಯುವವರ ನಡುವೆ ಇದ್ದೀರಿ. ರಾತ್ರಿಯೆಲ್ಲ ಹಗ್ಗದ ಮೇಲಿದ್ದ ಕಂಬಳಿಯನ್ನು ಪುಷ್ಯಮಾಸದ ಬೆಳಗ್ಗೆ ಮುಟ್ಟಿ ನೋಡಿದ್ದೀರಾ? ಕೊರೆಯುತ್ತಿರುತ್ತದೆ. ಕಂಬಳಿಗೆ ಬಿಸಿ ಗೊತ್ತಿಲ್ಲ. ನಮ್ಮ ಮೈಯ ಬಿಸಿಯನ್ನು ಆಚೆ ಬಿಡುವುದಿಲ್ಲ, ಅಷ್ಟೆ. ಬಿಡದಿರುವುದೂ ಕೂದಲಲ್ಲ, ಕೂದಲಿನ ನಡುವೆ ಸಿಕ್ಕಿಕೊಂಡ ಗಾಳಿ. ಐಸ್ ಮಾರುವವರು ಗಡ್ಡೆಗೆ ಮರದ ಹೊಟ್ಟು ಹಾಕಿ ಗೋಣಿತಾಟು ಸುತ್ತುವುದನ್ನು ನಿಮ್ಮ ಮಕ್ಕಳು ಜಾತ್ರೆಯಲ್ಲಿ ನೋಡಿರುತ್ತಾರೆ. ಗೋಣಿ ಬಿಸಿ ಕೊಡುವುದಾದರೆ ಐಸ್ ಕರಗಬೇಕಿತ್ತಲ್ಲ? ನಿಮ್ಮ ಸಾಲನ್ನು ನಂಬಿದ ಮಗುವಿಗೆ ಈ ಐಸ್ ಗಡ್ಡೆ ಯಾವತ್ತೂ ಅರ್ಥವಾಗುವುದಿಲ್ಲ.

‘ದಪ್ಪನೆಯ ಕೋಟು’. ಮಧುಗಿರಿ, ಪಾವಗಡದ ಬೆಟ್ಟಗಳಲ್ಲಿ ಓಡಾಡುವ ನಮ್ಮ ಕರಡಿಗೂ ಮೈತುಂಬ ಜೋಲು ಕೂದಲಿದೆ. ಏಪ್ರಿಲ್ ಬಿಸಿಲಲ್ಲಿ ಅದು ಬೆಂದುಹೋಗುವುದಿಲ್ಲ ಯಾಕೆ? ಅದರದ್ದು ಬರೀ ಮೇಲಿನ ಉದ್ದ ಕೂದಲು. ಹಿಮಕರಡಿಗೆ ಉದ್ದ ಕೂದಲಿನ ಬುಡದಲ್ಲಿ ಇನ್ನೊಂದು ಪದರ ಇದೆ, ಗಿಡ್ಡ, ಒತ್ತೊತ್ತು. ಗಾಳಿ ಸೆರೆಯಾಗುವುದು ಅಲ್ಲಿ. ಊರಿನ ಕರಡಿಯಿಂದ ಹೊರಟಿದ್ದರೆ ಮಕ್ಕಳು ಧ್ರುವದ ತನಕ ನಿಮ್ಮ ಹಿಂದೆಯೇ ಬರುತ್ತಿದ್ದರು.

ಅದೇ ಕರಡಿ ನೀರಿಗೆ ಬಿದ್ದರೆ? ನೆನೆದ ಕಂಬಳಿ ಬೆಚ್ಚಗಿರದು ಎಂದು ಕುರಿ ಕಾಯುವ ಹುಡುಗನಿಗೂ ಗೊತ್ತು. ಕೂದಲು ನೆನೆದು ಗಾಳಿ ಹೊರಬಿದ್ದ ಮೇಲೆ ಕಾಪಾಡುವುದು ಚರ್ಮದ ಕೆಳಗಿನ ಕೊಬ್ಬು, ಚೆನ್ನಾಗಿ ತಿಂದುಂಡ ಕರಡಿಯಲ್ಲಿ 10 ಸೆಂಟಿಮೀಟರ್‌ವರೆಗೂ ಇರುತ್ತದೆ. ನೀವು ಅದನ್ನು ‘ವಸಾಪದರ’ ಎಂದು ಬರೆದು ಕೈ ತೊಳೆದುಕೊಂಡಿದ್ದೀರಿ. ನೆಣ ಅನ್ನಿ ಮೇಡಂ. ಹಬ್ಬದ ಮಾರನೇ ದಿನ ಬಾಡು ಕೊಯ್ಯುವುದನ್ನು ನೋಡಿದ ಯಾವ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಆ ‘ಪ್ರಕೃತಿಮಾತೆ’. ಇವಳ ಮೇಲೆ ನನಗೆ ಹಳೇ ಸಿಟ್ಟಿದೆ. 1978ರಲ್ಲಿ ನಾನು ತುಮಕೂರಿನ ಚಿಕ್ಕಪೇಟೆಯ ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಅಲ್ಲಿಂದ ಹೊರಡುತ್ತಿದ್ದ ವಾರಪತ್ರಿಕೆಗೆ ರಾಗಿ ಹಗೇವಿನ, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿಯ, ಬಗ್ಗೆ ನನ್ನ ಮೊದಲ ಲೇಖನ ಕೊಟ್ಟೆ. “ಭೂತಾಯಿ ತನ್ನ ಒಡಲಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಾಡುತ್ತಾಳೆ” ಎಂದು ಬರೆದು ಬೀಗಿದ್ದೆ. ಮೊಳೆ ಜೋಡಿಸುತ್ತಿದ್ದವರು ನಾಲ್ಕನೇ ಕ್ಲಾಸು ಓದಿದ ಹಿರಿಯರು. ಆ ಸಾಲಿಗೆ ಬಂದು ಕೈ ನಿಲ್ಲಿಸಿದರು. “ಅಲ್ಲಾ ಸ್ವಾಮಿ, ಭೂತಾಯಿ ರಾಗೀನ ಕಾಪಾಡ್ತಾಳೆ, ಸರಿ. ದೀಪ ಬಿಟ್ಟು ನೋಡ್ದೆ ಇಳಿದೋನ ಜೀವ ಯಾಕೆ ತೆಗೀತಾಳೆ?” ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಆ ಸಾಲಿನ ಜಾಗ ಖಾಲಿ ಬಿಟ್ಟು ಮುಂದಿನದಕ್ಕೆ ಹೋದರು. ಭಾನುವಾರ ಊರಿಗೆ ಹೋಗಿ ತಾತನನ್ನು ಕೇಳಿದೆ, ಆಮೇಲೆ ಕಾಲೇಜಿನ ಮೇಷ್ಟ್ರೊಬ್ಬರನ್ನು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಸಾಯುತ್ತವೆ. ರಾಗಿ ಉಳಿಯುವುದೂ, ಇಳಿಬಿಟ್ಟ ದೀಪ ಆರುವುದೂ, ಮನುಷ್ಯ ಸಾಯುವುದೂ ಒಂದೇ ಗಾಳಿಯಿಂದ. ತಾಯಿ ಅಂತ ಬರೆದು ನಾನು ಅದನ್ನೇ ಮುಚ್ಚಿಬಿಟ್ಟಿದ್ದೆ. ಮುಂದಿನ ವಾರ ಬೇರೆ ಸಾಲು ಬರೆದುಕೊಟ್ಟೆ. ಅವರೇನೂ ಶಭಾಷ್ ಅನ್ನಲಿಲ್ಲ, ಸುಮ್ಮನೆ ಮೊಳೆ ಜೋಡಿಸಿದರು.

ಎರಡನೆಯದು, ಐದನೇ ಹಾಳೆ: “ಪಾಪ, ಪೆಂಗ್ವಿನ್‌ಗಳು ಗಡಗಡ ನಡುಗುತ್ತಾ ಒಂದನ್ನೊಂದು ಅಪ್ಪಿಕೊಂಡು ರಾತ್ರಿ ಕಳೆಯುತ್ತವೆ.”

ಯಾರು ಪಾಪ? ಎಂಪರರ್ ಪೆಂಗ್ವಿನ್ನಿನ ಗಂಡು ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಎರಡು ತಿಂಗಳಿಗೂ ಮೇಲ್ಪಟ್ಟು ನಿಲ್ಲುತ್ತದೆ. ಜೋಡಿ ಕೂಡುವ ದಿನಗಳನ್ನೂ ಸೇರಿಸಿದರೆ ನಾಲ್ಕು ತಿಂಗಳ ಹತ್ತಿರ ಉಪವಾಸ. ಸುತ್ತ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ. ಆದರೆ ಒತ್ತಿಕೊಂಡು ನಿಂತ ಗುಂಪಿನ ನಡುವೆ 37 ಡಿಗ್ರಿ ತನಕ ಏರಿದ್ದನ್ನು ಅಳೆದಿದ್ದಾರೆ. ನಮ್ಮ ಏಪ್ರಿಲ್ ಮಧ್ಯಾಹ್ನ! ಸೆಕೆಯಾದಾಗ ಗುಂಪು ಸಡಿಲವಾಗುತ್ತದೆ, ಹಕ್ಕಿಗಳು ಜಾಗ ಬದಲಿಸುತ್ತವೆ. ಇದರಲ್ಲಿ ಅಪ್ಪುಗೆ ಎಲ್ಲಿ ಬಂತು, ನಡುಕ ಎಲ್ಲಿ ಬಂತು? ಅವನ್ನು ತಂದು ಶಿರಾ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಆಗ ಪಾಪ ಅನ್ನಿ.

ಇಷ್ಟು ಹೇಳಿ ಆ ಹುಡುಗನನ್ನು ಮರೆತರೆ ನಾನೂ ನಿಮ್ಮ ಹಾಗೇ ಆದೆ. ಪೆಂಗ್ವಿನ್ನಿನ ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳ, ಪಾದದಿಂದ ಏರುವ ತಣ್ಣನೆ ರಕ್ತದ ನಾಳ, ಎರಡೂ ಒಂದಕ್ಕೊಂದು ತಾಗಿಕೊಂಡಿವೆ. ಸಂತೆಗೆ ಹೊರಟವನು ದಾರಿಯಲ್ಲಿ ಎದುರಾದ ತಮ್ಮನ ಕೈಗೆ ಬುತ್ತಿ ಕೊಟ್ಟು ಮನೆಗೆ ಹಿಂದಕ್ಕೆ ಕಳಿಸಿದ ಹಾಗೆ, ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ಕೊಟ್ಟುಬಿಡುತ್ತದೆ. ಬಿಸಿ ಮನೆಯಲ್ಲೇ ಉಳಿಯಿತು. ಪಾದ ತಣ್ಣಗಿದೆ, ಮರಗಟ್ಟದಷ್ಟು ಮಾತ್ರ ರಕ್ತ ಹರಿಯುತ್ತದೆ. ತಣ್ಣಗಿರುವ ಪಾದದಿಂದ ಹಿಮ ಕಿತ್ತುಕೊಳ್ಳುವುದೇನಿದೆ?

ಎರಡು ಹಾಳೆಯಲ್ಲಿ ಮತ್ತೆ ಬರೆಯಿರಿ. ಮೊದಲ ಸಾಲು ಆ ಹುಡುಗನದು, ಅವನ ಮಾತಿನಲ್ಲೇ. ಗೌರವಧನ ಕೊಡುವ ಶಕ್ತಿ ನಮಗಿಲ್ಲ, ಎರಡು ಪ್ರತಿ ಕಳಿಸುತ್ತೇವೆ. ಒಂದು ಅವನಿಗೆ. ಬರೆಯುವ ಮೊದಲು ಎರಡು ಐಸ್‌ಕ್ಯಾಂಡಿ ತರಿಸಿ, ಒಂದನ್ನು ತಟ್ಟೆಯಲ್ಲಿಡಿ, ಇನ್ನೊಂದಕ್ಕೆ ಕಂಬಳಿ ಸುತ್ತಿ. ಯಾವುದು ಮೊದಲು ಕರಗುತ್ತದೆ ಅಂತ ಮಕ್ಕಳು ಏನೇನು ಪಂದ್ಯ ಕಟ್ಟಿದರು, ಎಷ್ಟು ನಿಮಿಷ ಹಿಡಿಯಿತು, ಯಾರ ಲಂಗ ಒದ್ದೆಯಾಯಿತು, ಅದನ್ನೂ ಬರೆಯಿರಿ.